ಎದೆಪಟ್ಟಿ

ತೇರಹಳ್ಳಿ ಬೆಟ್ಟದ ಎರಡನೇ ತಿರುವಿನಲ್ಲಿ
ಹ್ಯಾಂಡಲ್ ಮೇಲಿನ ಪುಟ್ಟ ಪರದೆ ಹೇಳಿತು:
ನಿನ್ನ ಎದೆಬಡಿತ ಇನ್ನೂರ ಮೂವತ್ತೊಂದು.
ಮೂರು ತುಳಿತದ ಮೇಲೆ ನಲವತ್ತೇಳು.
ಆಮೇಲೆ ಎರಡು ಅಡ್ಡಗೆರೆ, ಅಷ್ಟೆ.

ಒಂದು ಕಾಲು ಊರಿ ನಿಂತೆ.
ಸತ್ತಿರಲಿಲ್ಲ, ಬೆವರುತ್ತಿದ್ದೆ.
ಕತ್ತಿನ ಪಕ್ಕ ಎರಡು ಬೆರಳಿಟ್ಟು ಹದಿನೈದು ಸೆಕೆಂಡು ಎಣಿಸಿದರೆ
ನಲವತ್ತೊಂದು; ನಾಲ್ಕರಿಂದ ಗುಣಿಸಿದರೆ ನೂರ ಅರವತ್ತನಾಲ್ಕು.
ಕೆಳಗೆ ಕೋಲಾರ ಇನ್ನೂ ಬೀದಿದೀಪ ಆರಿಸಿರಲಿಲ್ಲ,
ಟೊಮೆಟೊ ಲಾರಿಗಳು ಮಂಡಿಯ ಕಡೆ ತೆವಳುತ್ತಿದ್ದವು.

ಹತ್ತೊಂಬತ್ತು ವರ್ಷದಿಂದ ಆಸ್ಪತ್ರೆಯ ಈಸೀಜಿ ಕೋಣೆಯಲ್ಲಿ
ಬೇರೆಯವರ ಎದೆಗೆ ಬಟ್ಟಲು ಅಂಟಿಸುವವಳು ನಾನು.
ಗೆರೆ ನಡುಗಿದರೆ ಮೊದಲು ರೋಗಿಯನ್ನು ಅನುಮಾನಿಸಬೇಡಿ,
ವೈರನ್ನು ಅನುಮಾನಿಸಿ ಎಂದು
ಟ್ರೈನಿಂಗ್ ಹುಡುಗಿಯರಿಗೆ ಬೈದು ಕಲಿಸಿದವಳು.
ಆದರೂ ಅವತ್ತು ಬೆಟ್ಟ ಇಳಿಯುವಾಗ
ಎಡಗೈ ನೋಯುತ್ತಿದೆಯಾ ಎಂದು ಎರಡು ಸಲ ಕೇಳಿಕೊಂಡೆ.

ಮಂಗಳವಾರ ಪಟ್ಟಿಯ ಒಳಮೈಗೆ ಉಗುಳು ಸವರಿದೆ.
ಬುಧವಾರ ಆಸ್ಪತ್ರೆಯ ಜೆಲ್, ಕದ್ದದ್ದು.
ಗುರುವಾರ ಸೀಗೆಪುಡಿ ಹಾಕಿ ತೊಳೆದರೆ
ಬಕೆಟ್ಟಿನಲ್ಲಿ ಎರಡು ವರ್ಷದ ಉಪ್ಪು ಬೂದಿಯಾಗಿ ಕದಡಿತು.
ಇಳಿಜಾರಿನಲ್ಲಿ ಗಾಳಿಗೆ ಪಟಪಟ ಬಡಿಯುವ ಜೆರ್ಸಿಯೇ
ಪಟ್ಟಿಗೆ ಸುಳ್ಳು ಹೇಳಿಕೊಡುತ್ತದೆ ಎಂದು ಯಾರೋ ಅಂದಿದ್ದರು;
ಶುಕ್ರವಾರ ಅಣ್ಣನ ಹತ್ತಿ ಬನಿಯನ್ ಹಾಕಿ ಹತ್ತಿದೆ.
ಅದೇ ಎರಡು ಅಡ್ಡಗೆರೆ.

ಗಡಿಯಾರ ಗೋಪುರದ ಹತ್ತಿರ ವಾಚ್ ರಿಪೇರಿಯ ಇನಾಯತ್ ಸಾಬರು
ನಾಣ್ಯದಂಥ ಬ್ಯಾಟರಿಯನ್ನು ನಾಲಿಗೆ ತುದಿಗೆ ಮುಟ್ಟಿಸಿ
'ಇದಕ್ಕೇನಾಗಿಲ್ಲಮ್ಮ, ಗಟ್ಟಿಮುಟ್ಟಾಗಿದೆ' ಎಂದು ವಾಪಸ್ ಕೊಟ್ಟು
ಹತ್ತು ರೂಪಾಯಿಯನ್ನೂ ತೆಗೆದುಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ. ಕೋಣೆ ಖಾಲಿ, ಫ್ಯಾನಿನ ಕಿರುಗುಟ್ಟುವಿಕೆ.
ತಾರೀಖು ಮೀರಿದ ಅಂಟುಪದಕ ಎರಡನ್ನು ಒತ್ತಿಕೊಂಡು
ಅವುಗಳ ಗುಂಡಿಗೆ ಪಟ್ಟಿಯಿಂದ ಬಿಡಿಸಿದ ಯಂತ್ರವನ್ನು ಸಿಕ್ಕಿಸಿದೆ.
ಟಿಚ್. ಟಿಚ್. ರವಿಕೆಯ ಗುಂಡಿಯ ಹಾಗೆ.
ಮೊಬೈಲಿನಲ್ಲಿ ಎಪ್ಪತ್ತೆರಡು. ಎಪ್ಪತ್ತೊಂದು. ಎಪ್ಪತ್ತೆರಡು.
ಯಂತ್ರ ಬದುಕಿದೆ, ನಾನೂ ಬದುಕಿದ್ದೇನೆ,
ನಡುವಿನ ಬಟ್ಟೆ ಮಾತ್ರ ಸತ್ತಿದೆ.

ಹೊಸ ಪಟ್ಟಿ ಬರಲು ಆರು ದಿನ, ಸಾವಿರದ ಆರುನೂರು.
ಬಂದದ್ದು ಯಾವ ಪೈಲ್ವಾನನ ಅಳತೆಯೋ!
ಎಷ್ಟು ಬಿಗಿದರೂ ಹೊಟ್ಟೆಗೆ ಜಾರುತ್ತದೆ.
ದೊಡ್ಡಪೇಟೆಯ ಮುನಿರತ್ನಮ್ಮ ಎರಡು ಇಂಚು ಕತ್ತರಿಸಿ ಹೊಲಿಯುತ್ತಾ
'ಇದನ್ನ ಕಟ್ಕೊಂಡ್ರೆ ಏನಾಗ್ತದೆ ಈಸೀಜಿ ಅಕ್ಕ?' ಎಂದಳು.
ಎದೆ ಎಷ್ಟು ಸಲ ಬಡಿದುಕೊಳ್ಳುತ್ತೆ ಅಂತ ಗೊತ್ತಾಗುತ್ತೆ.
'ಗೊತ್ತಾಗಿ?'

ಉತ್ತರ ಇರಲಿಲ್ಲ. ಹಾಕಿ ನೋಡು ಎಂದೆ.
ಅಳತೆ ತೆಗೆಯುವ ಪರದೆಯ ಹಿಂದೆ
ಚೊಂಬಿನ ನೀರಲ್ಲಿ ಒದ್ದೆ ಮಾಡಿ ಕಟ್ಟಿಕೊಂಡಳು.
ನನ್ನ ಕೈಯಲ್ಲಿ ಎಂಬತ್ತನಾಲ್ಕು.
'ಅಯ್ಯೋ ತಣ್ಣಗೆ' ಎಂದು ನಕ್ಕಾಗ ಎಂಬತ್ತೊಂಬತ್ತು.
ಅಷ್ಟರಲ್ಲಿ ಮಿಷನ್ ಮೇಲಿದ್ದ ಅವಳ ಫೋನು ಬಡಿದುಕೊಂಡಿತು.
ಪರದೆ ಸರಿಸಿ ಹೆಸರು ನೋಡಿದಳು, ಎತ್ತಲಿಲ್ಲ.
ನೂರ ಎಂಟು. ನೂರ ಹದಿನೇಳು. ನೂರ ಇಪ್ಪತ್ತಾರು.

ಫೋನು ನಿಂತಿತು. ಅಂಕಿ ಇಳಿಯಲು ಬಹಳ ಹೊತ್ತಾಯಿತು.
'ಚೀಟಿಯವನು' ಎಂದಳು, ದಾರ ಹುಡುಕುವವಳಂತೆ.
ನಾನು ಮೊಬೈಲನ್ನು ತಿರುಗಿಸಿ ಇಟ್ಟೆ.
'ಎಷ್ಟು ತೋರಿಸ್ತಿತ್ತಕ್ಕ?'
ಎಂಬತ್ತು, ಎಂದೆ.
'ಸುಳ್ಳು ಹೇಳ್ತದೆ ನಿನ್ನ ಬೆಲ್ಟು.'
ಹೌದು, ಹಳೇದೂ ಹಾಗೇ ಮಾಡ್ತಿತ್ತು.

ಈಗ ಎರಡನೇ ತಿರುವಿನಲ್ಲಿ ನೂರ ಅರವತ್ತನಾಲ್ಕು, ಒಂದೂ ಹೆಚ್ಚುಕಮ್ಮಿ ಇಲ್ಲ.
ಆದರೂ ಬೆರಳು ಕತ್ತಿಗೆ ಹೋಗುತ್ತದೆ.
ಹಳೇ ಪಟ್ಟಿಯನ್ನು ಮುನಿರತ್ನಮ್ಮ ಕೇಳಿ ಇಟ್ಟುಕೊಂಡಳು:
ಅವಳ ಅಂಗಡಿಯ ಮೂಲೆಯಲ್ಲಿ ರವಿಕೆ ತುಂಡುಗಳ ಗಂಟನ್ನು
ಬಿಗಿಯಾಗಿ ತಬ್ಬಿ ಕೂತಿದೆ,
ಹಸಿರುಗಟ್ಟಿದ ಗುಂಡಿ ಎರಡೂ ಬೀದಿಯ ಕಡೆಗೆ.